ಎಂಬತ್ತರ ವೇಗಕ್ಕೆ ಹತ್ತು ಎಚ್‌ಪಿ

ನಮ್ಮ ಕಡೆ ಎಚ್‌ಪಿ (ಹಾರ್ಸ್‌ಪವರ್, ಕುದುರೆಶಕ್ತಿ) ಅಂದರೆ ಕಾರಿನ ವಿಷಯವೇ ಅಲ್ಲ. ಅದು ಬೋರ್‌ವೆಲ್ ಮೋಟರಿನದು, ಹಿಟ್ಟಿನ ಗಿರಣಿಯದು, ಟ್ರ್ಯಾಕ್ಟರಿನದು. ಗದಗ, ರೋಣದ ಹಳ್ಳಿಗಳಲ್ಲಿ ಶಾಲೆಯ ಮುಖ ನೋಡದ ಹಿರಿಯರೂ ಐದರ ಮೋಟರ್ ಎಲ್ಲಿಗೆ ಸಾಕು, ಏಳೂವರೆಯದು ಎಲ್ಲಿ ಬೇಕು ಎಂದು ಸಲೀಸಾಗಿ ಹೇಳುತ್ತಾರೆ. ಸರ್ಕಾರದ ಲೆಕ್ಕವೂ ಅದರಲ್ಲೇ ನಡೆಯುತ್ತದೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, ಅದನ್ನು ದಾಟಿದರೆ ಬಿಲ್ಲು. ಹೀಗಾಗಿ ಹೊಲದ ಮನೆಗಳಲ್ಲಿ ಎಚ್‌ಪಿ ಅನ್ನುವುದು ದಿನದ ಮಾತು. ಕಾರು ಕೊಳ್ಳುವಾಗ ಮಾತ್ರ ಯಾರೂ ಅದನ್ನು ಕೇಳುವುದಿಲ್ಲ. ಮೈಲೇಜ್ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ತಿಂಗಳ ಕಂತು ಕೇಳುತ್ತಾರೆ.

ಕೇಳಿದವರು ನಮ್ಮ ಕಾಕಾ ಒಬ್ಬರೇ. ಕಾರು ಊರಿಗೆ ಹೋಗಿ ನಿಂತ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು, "ಎಷ್ಟ ಎಚ್‌ಪಿ ಐತೋ ತಮ್ಮಾ ಇದು?" ಅಂದರು. ಫೋನಿನಲ್ಲಿ ಆರ್‌ಸಿ ತೆಗೆದು ನೋಡಿ, "ಎಂಬತ್ತೆಂಟೂವರೆ ಕಾಕಾ" ಅಂದೆ.

"ನನ್ನ ಟ್ರ್ಯಾಕ್ಟರ್ ನಲವತ್ತೈದ. ಅಂದ್ರ ನಿಂದು ಎರಡು ಟ್ರ್ಯಾಕ್ಟರಿನಷ್ಟ ಆತು. ಹಂಗಾರ ನಾಳೆ ಎರಿ ಹೊಲಕ್ಕ ಹೂಡೂಣು ನಡಿ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಯೋಚಿಸಿ ನೋಡಿದರೆ ಕಾಕಾನ ಪ್ರಶ್ನೆ ಸರಿಯಾಗಿಯೇ ಇತ್ತು. ಎರಡೂ ಕಡೆ ಅದೇ ಎಚ್‌ಪಿ, ಅದೇ ಅಳತೆ. ಎರಡರಷ್ಟು ಶಕ್ತಿ ಇರುವ ಗಾಡಿ ನೇಗಿಲು ಎಳೆಯಲಾರದು ಅಂದರೆ, ಒಂದೋ ಸಂಖ್ಯೆಯಲ್ಲಿ ಏನೋ ಇದೆ, ಇಲ್ಲವೇ ನಾವು ಅದನ್ನು ಓದುವ ರೀತಿಯಲ್ಲಿ ಏನೋ ಇದೆ. ನಾನು ಇದರ ಹಿಂದೆ ಬಿದ್ದದ್ದು ಆಮೇಲೆ.

ಮೊದಲು ಸುಲಭದ ಭಾಗ ಹೇಳಿಬಿಡುತ್ತೇನೆ. ನಿಮ್ಮ ಕಾರಿನ ಎಚ್‌ಪಿ ಎಷ್ಟು ಅಂತ ನೋಡಲು ಎಲ್ಲಿಗೂ ಓಡಾಡಬೇಕಿಲ್ಲ. ಆರ್‌ಸಿ ಸ್ಮಾರ್ಟ್ ಕಾರ್ಡಿನಲ್ಲಿ ಅದಕ್ಕೊಂದು ಜಾಗವಿದೆ. ಎಂಪರಿವಾಹನ್ ಅಥವಾ ಡಿಜಿಲಾಕರ್‌ನಲ್ಲಿ ಆರ್‌ಸಿ ಇಟ್ಟುಕೊಂಡಿದ್ದರೆ ಅಲ್ಲೂ ಇಣುಕಬಹುದು. ಡ್ಯಾಶ್‌ಬೋರ್ಡಿನ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಬಿದ್ದಿರುವ ಓನರ್ಸ್ ಮ್ಯಾನುಯಲ್‌ನ ಕೊನೆಯ ಪುಟಗಳಲ್ಲೂ ಇರುತ್ತದೆ. ವಿಮೆಯ ಕಾಗದದಲ್ಲಿ ಹುಡುಕಬೇಡಿ. ಪೆಟ್ರೋಲ್, ಡೀಸೆಲ್ ಕಾರುಗಳ ಥರ್ಡ್ ಪಾರ್ಟಿ ವಿಮೆಗೆ ಬೇಕಿರುವುದು ಸಿಸಿ ಮಾತ್ರ. 1000ದ ಒಳಗೆ, 1500ರ ಒಳಗೆ, ಅದರ ಮೇಲೆ ಅಂತ ಮೂರು ಗುಂಪು ಮಾಡಿ ದರ ಇಟ್ಟಿದ್ದಾರೆ. ಆರ್‌ಟಿಒಗೆ ಕಟ್ಟುವ ಆಜೀವ ತೆರಿಗೆ ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ ನೋಡಿ ಬೀಳುತ್ತದೆ. ಅಂದರೆ ನಿಮ್ಮ ಕಾರಿನ ಎಚ್‌ಪಿ ಎಷ್ಟು ಅಂತ ತಿಳಿದುಕೊಳ್ಳುವ ಗರಜು ಯಾವ ಕಚೇರಿಗೂ ಇಲ್ಲ.

ಸಿಸಿ ಗೊತ್ತಿದ್ದರೆ ಎಚ್‌ಪಿ ಗೊತ್ತಾದಂತೆಯೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಟಾಟಾ ಟಿಯಾಗೊ ಪೆಟ್ರೋಲ್ ಎಂಜಿನ್ 1199 ಸಿಸಿ. ಟಾಟಾ ನೆಕ್ಸಾನ್ ಪೆಟ್ರೋಲ್ ಕೂಡ 1199 ಸಿಸಿ. ಮೊದಲನೆಯದು 86 ಕೊಟ್ಟರೆ ಎರಡನೆಯದು ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಹಾಕಿಕೊಂಡು 120 ಕೊಡುತ್ತದೆ. ಸಿಸಿ ಹೇಳುವುದು ಸಿಲಿಂಡರುಗಳೊಳಗೆ ಎಷ್ಟು ಜಾಗ ಇದೆ ಅಂತ. ಆ ಜಾಗಕ್ಕೆ ಒಂದು ಸಲಕ್ಕೆ ಎಷ್ಟು ಗಾಳಿ ತುಂಬುತ್ತೀರಿ, ನಿಮಿಷಕ್ಕೆ ಎಷ್ಟು ಸಲ ತುಂಬುತ್ತೀರಿ ಅನ್ನುವುದು ಬೇರೆ ಮಾತು.

ಹಿಂದೆ ಬ್ರಿಟನ್ನಿನಲ್ಲಿ ಕಾರಿನ ತೆರಿಗೆಗೆ ಎಚ್‌ಪಿಯನ್ನೇ ಹಿಡಿದಿದ್ದರು. ಆದರೆ ಅಳೆದು ನೋಡುವ ಗೋಜು ಬೇಡ ಅಂತ ಸಿಲಿಂಡರಿನ ಅಗಲ ಮತ್ತು ಸಿಲಿಂಡರುಗಳ ಸಂಖ್ಯೆ ಇಷ್ಟರಿಂದಲೇ ಒಂದು ಸೂತ್ರ ಮಾಡಿಕೊಂಡರು. ಕಂಪನಿಗಳು ಸುಮ್ನೆ ಕೂರುತ್ತವೆಯೇ? ಅಗಲ ಕಡಿಮೆ ಮಾಡಿ, ಪಿಸ್ಟನ್ ಓಡಾಡುವ ಉದ್ದ ಜಾಸ್ತಿ ಮಾಡಿ, ಸಣಕಲು ಎಂಜಿನ್‌ಗಳನ್ನು ಕಟ್ಟಿದವು. ಕಾಗದದ ಎಚ್‌ಪಿ ಒಂದು, ರಸ್ತೆಯ ಎಚ್‌ಪಿ ಇನ್ನೊಂದು. ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಕಾರಿನ ಹೆಸರಿನಲ್ಲಿರುವ (ಸಿವಿ ಅಂದರೆ ಅವರ ಎಚ್‌ಪಿ) ಎರಡು ಕುದುರೆಗಳೂ ಇಂಥ ತೆರಿಗೆ ಕುದುರೆಗಳೇ. 1948ರಲ್ಲಿ ಅದರ 375 ಸಿಸಿ ಎಂಜಿನ್ ನಿಜವಾಗಿ ಕೊಡುತ್ತಿದ್ದದ್ದು 9 ಎಚ್‌ಪಿ.

ಇನ್ನು ಆರ್‌ಸಿ ತೆಗೆದು ನೋಡಿದಿರಿ ಅಂತಿಟ್ಟುಕೊಳ್ಳಿ. ನನ್ನದು 2021ರ ಪೆಟ್ರೋಲ್ ಸ್ವಿಫ್ಟ್. ಆರ್‌ಸಿಯಲ್ಲಿ 88.5 ಇದೆ. ಷೋರೂಮಿನ ಕಾಗದದಲ್ಲಿ 66 ಕಿಲೋವ್ಯಾಟ್ ಇತ್ತು. ಗೆಳೆಯನೊಬ್ಬ "ನಿಂದು ತೊಂಬತ್ತು ಪಿಎಸ್ ಅಲ್ಲೇನೋ" ಅನ್ನುತ್ತಾನೆ. ಮೂರೂ ಸರಿ. 66ನ್ನು 1.341ರಿಂದ ಗುಣಿಸಿದರೆ 88.5 ಬಿಎಚ್‌ಪಿ (ಬ್ರೇಕ್ ಹಾಕಿ ಅಳೆದ ಬ್ರಿಟಿಷ್ ಎಚ್‌ಪಿ), 1.36ರಿಂದ ಗುಣಿಸಿದರೆ ಹತ್ತಿರಹತ್ತಿರ 90 ಪಿಎಸ್. ಪಿಎಸ್ ಯುರೋಪಿನ ಮೆಟ್ರಿಕ್ ಲೆಕ್ಕ, 75 ಕೆಜಿ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿ. ಅದು ಸುಮಾರು 735 ವ್ಯಾಟ್. ಬ್ರಿಟಿಷರದು 746. ವ್ಯತ್ಯಾಸ ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ಆದರೂ ಮಾರುವವರಿಗೆ ಪಿಎಸ್ ಇಷ್ಟ, ಯಾಕೆಂದರೆ ಸಂಖ್ಯೆ ಚೂರು ದೊಡ್ಡದಾಗಿ ಕಾಣುತ್ತದೆ. ಎರಡು ಕಾರು ಹೋಲಿಸುವಾಗ ಎರಡನ್ನೂ ಕಿಲೋವ್ಯಾಟಿಗೆ ತಂದುಕೊಂಡರೆ ಗೊಂದಲ ಮುಗಿಯಿತು. ಮುಂದೆ ನಾನೂ ಇಷ್ಟು ಸಣ್ಣ ವ್ಯತ್ಯಾಸ ಹಿಡಿದು ಕೂರುವುದಿಲ್ಲ, ಎಲ್ಲವನ್ನೂ ಎಚ್‌ಪಿ ಅಂತಲೇ ಬರೆಯುತ್ತೇನೆ.

ಬ್ರಿಟಿಷ್ ಲೆಕ್ಕದ ಹಿಂದಿರುವುದು ಜೇಮ್ಸ್ ವ್ಯಾಟ್‌ನ ವ್ಯಾಪಾರ. 1780ರ ದಶಕದಲ್ಲಿ ಅವನು ಉಗಿಯಂತ್ರ ಮಾರಬೇಕಾಗಿದ್ದದ್ದು ಕುದುರೆ ಕಟ್ಟಿ ಗಿರಣಿ ತಿರುಗಿಸುತ್ತಿದ್ದವರಿಗೆ. ಅವರು ಕೇಳುವುದು ಒಂದೇ: ನಿನ್ನ ಯಂತ್ರ ಎಷ್ಟು ಕುದುರೆಗೆ ಸಮ? ವ್ಯಾಟ್ ಲೆಕ್ಕ ಹಾಕಿದ. 12 ಅಡಿ ತ್ರಿಜ್ಯದ ವೃತ್ತದಲ್ಲಿ ಕುದುರೆ ಗಂಟೆಗೆ 144 ಸುತ್ತು ಹಾಕುತ್ತದೆ, 180 ಪೌಂಡ್ ಬಲದಿಂದ ಎಳೆಯುತ್ತದೆ. ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್ ಬರುತ್ತದೆ. ಅದನ್ನು 33,000ಕ್ಕೆ ಏರಿಸಿಬಿಟ್ಟ. ದಿನವಿಡೀ ದುಡಿಯುವ ಕುದುರೆಗೆ ಇದು ಸ್ವಲ್ಪ ಜಾಸ್ತಿಯೇ. ಹಾಗಂತ ಕುದುರೆಯ ತಾಕತ್ತು ಒಂದೇ ಎಚ್‌ಪಿ ಅಂತಲೂ ಅಲ್ಲ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳು ಹಳೆಯ ಭಾರ ಎಳೆಯುವ ಸ್ಪರ್ಧೆಯ ದಾಖಲೆ ಹಿಡಿದು ಲೆಕ್ಕ ಹಾಕಿದರು. ಕೆಲವೇ ಸೆಕೆಂಡುಗಳ ಮಟ್ಟಿಗೆ ಒಂದು ಕುದುರೆ 15 ಎಚ್‌ಪಿ ಹತ್ತಿರ ಹೋಗಬಲ್ಲದು ಅಂತ ತೋರಿಸಿದರು.

ದಿನವಿಡೀ ಒಂದು, ಕೆಲವು ಸೆಕೆಂಡಿಗೆ ಹದಿನೈದು. ಕಾಕಾನ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ.

ಪಂಪಿನ ಮೋಟರಿನ ಮೇಲೆ ಬಡಿದ ತಗಡಿನ ಪಟ್ಟಿ ನೋಡಿ. ಹುಬ್ಬಳ್ಳಿಯ ಗೋಕುಲ ರೋಡಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆಗಲಿ, ಬೇರೆ ಯಾರದೇ ಆಗಲಿ, 3.7 ಕಿಲೋವ್ಯಾಟ್, 5 ಎಚ್‌ಪಿ ಅಂತ ಬರೆದಿರುತ್ತಾರೆ. ಅದು ಆ ಮೋಟರ್ ತಾಸುಗಟ್ಟಲೆ ಕೊಡುತ್ತಲೇ ಇರಬಹುದಾದ ಶಕ್ತಿ. ರಾತ್ರಿ ಮೂರು ಫೇಸ್ ಬಂದಾಗ ಹಚ್ಚಿ ಮಲಗಿದರೆ ಬೆಳಗಿನವರೆಗೂ ಅದೇ ಐದು. ಕಾರಿನ ಕಾಗದದ ಮೇಲಿರುವುದು ಅಂಥದ್ದಲ್ಲ. ನನ್ನ ಕಾರಿನ 66 ಕಿಲೋವ್ಯಾಟ್ ಎದುರಿಗೆ 6000 ಆರ್‌ಪಿಎಂ ಅಂತ ಇದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿರುವಾಗ ಮಾತ್ರ ಅಷ್ಟು ಸಿಗುತ್ತದೆ. ಐದು ಸಾವಿರದಲ್ಲಿ ಕಡಿಮೆ, ಎರಡು ಸಾವಿರದಲ್ಲಿ ಬಹಳ ಕಡಿಮೆ.

ಈಗ ನೀವೇ ಹೇಳಿ, ಕಳೆದ ಒಂದು ವರ್ಷದಲ್ಲಿ ಆರ್‌ಪಿಎಂ ತೋರಿಸುವ ನಿಮ್ಮ ಟ್ಯಾಕೋಮೀಟರ್ ಮುಳ್ಳು 6, ಅಂದರೆ ಆರು ಸಾವಿರ, ಮುಟ್ಟಿದ್ದು ಯಾವಾಗ? ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಿಂದ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ಹೋಗುವಾಗ ನನ್ನದು ಒಂದೂವರೆಯಿಂದ ಎರಡೂವರೆ ಸಾವಿರದ ನಡುವೆ ಓಡಾಡುತ್ತದೆ. ತನಗೇ ಮೀಸಲಾದ ನಡುವಿನ ಲೇನಿನಲ್ಲಿ ಚಿಗರಿ ಬಸ್ಸು ಭರ್ರನೆ ದಾಟಿ ಹೋಗುತ್ತದೆ. ನಾನು ಸಿಗ್ನಲ್ ಹಿಂದೆ ಸಿಗ್ನಲ್ ನಿಂತು ಹೋಗುತ್ತೇನೆ. ಎಂಬತ್ತೆಂಟೂವರೆ ಎಚ್‌ಪಿಗೆ ದುಡ್ಡು ಕೊಟ್ಟಿದ್ದೇನೆ ನಿಜ. ಅಷ್ಟನ್ನೂ ನನ್ನ ಕಾರಿನಿಂದ ಒಮ್ಮೆಯಾದರೂ ತೆಗೆದಿದ್ದೇನೋ ಇಲ್ಲವೋ.

ಈ ಸಂಖ್ಯೆಯನ್ನು ಅಳೆಯುವುದು ಹೇಗೆ ಅನ್ನುವುದನ್ನೂ ಸ್ವಲ್ಪ ನೋಡಬೇಕು. ಮೆಕ್ಯಾನಿಕಲ್ ಓದಿದವರಿಗೆ ಕಾಲೇಜಿನ ಐಸಿ ಎಂಜಿನ್ ಲ್ಯಾಬ್ ನೆನಪಿರುತ್ತದೆ. ಒಂದು ಸಿಲಿಂಡರಿನ ಐದು ಎಚ್‌ಪಿ ಡೀಸೆಲ್ ಎಂಜಿನ್, ಅದರ ಪಕ್ಕ ಕಬ್ಬಿಣದ ಡ್ರಮ್ಮು. ಡ್ರಮ್ಮಿಗೆ ಹಗ್ಗ ಸುತ್ತಿ ಒಂದು ತುದಿಗೆ ತೂಕ ಕಟ್ಟುತ್ತಾರೆ, ಇನ್ನೊಂದು ತುದಿಗೆ ಸ್ಪ್ರಿಂಗ್ ಕಾಟಾ. ಎಂಜಿನ್ ತಿರುಗುತ್ತದೆ, ಹಗ್ಗ ತಡೆಯುತ್ತದೆ, ಡ್ರಮ್ ಕಾಯದಿರಲಿ ಅಂತ ನೀರು ಬಿಡುತ್ತಾರೆ. ಹಗ್ಗ ಎಷ್ಟು ಬಲದಿಂದ ತಡೆಯಿತು, ಡ್ರಮ್ ಎಷ್ಟು ವೇಗದಲ್ಲಿ ತಿರುಗಿತು, ಇವೆರಡು ಸಿಕ್ಕರೆ ಶಕ್ತಿ ಸಿಕ್ಕಿತು. ಫ್ರಾನ್ಸಿನ ಗ್ಯಾಸ್ಪರ್ ದ ಪ್ರೋನಿ 1821ರಲ್ಲಿ ಮಾಡಿದ ಉಪಾಯದ ಮೊಮ್ಮಗ ಇದು. ಈಗ ಹಗ್ಗದ ಜಾಗಕ್ಕೆ ವಿದ್ಯುತ್ತಿನ ಬ್ರೇಕು ಬಂದಿದೆ, ಉಪಾಯ ಅದೇ.

ನಮ್ಮ ದೇಶದಲ್ಲಿ ಹೊಸ ಮಾದರಿಯ ಎಂಜಿನ್ ಮಾರಾಟಕ್ಕೆ ಬರುವ ಮೊದಲು ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಈ ಪರೀಕ್ಷೆ ಆಗಬೇಕು. ಎಂಜಿನ್ನಿಗೆ ಏರ್ ಫಿಲ್ಟರ್, ಸೈಲೆನ್ಸರ್, ವಾಟರ್ ಪಂಪ್ ಎಲ್ಲ ಜೋಡಿಸಿ, ಕಾರಿನಲ್ಲಿ ಇರುವಂತೆಯೇ ಓಡಿಸಿ ಅಳೆಯುತ್ತಾರೆ. ಅಮೆರಿಕದಲ್ಲಿ 1972ರ ಆಸುಪಾಸಿನವರೆಗೆ ಇವನ್ನೆಲ್ಲ ಬಿಚ್ಚಿಟ್ಟು ಬರೀ ಎಂಜಿನ್ ಅಳೆದು ಜಾಹೀರಾತು ಕೊಡುತ್ತಿದ್ದರು. ನಿಯಮ ಬದಲಾದಾಗ ಎಂಜಿನ್ ಮುಟ್ಟದೆಯೇ ಎಚ್‌ಪಿ ಕುಸಿಯಿತು. ಅಳತೆ ತಪ್ಪಿ ಸಿಕ್ಕಿಬಿದ್ದವರೂ ಇದ್ದಾರೆ. 2001ರ ಮಾಜ್ದಾ ಮಿಯಾಟಾ ಕಾರನ್ನು ಅಮೆರಿಕದಲ್ಲಿ 155 ಎಚ್‌ಪಿ ಅಂತ ಮಾರಿ, ಆಮೇಲೆ ಅದು 142 ಮಾತ್ರ ಅಂತ ಕಂಪನಿಯೇ ಹೇಳಬೇಕಾಯಿತು. ಬೇಡ ಅಂದವರಿಂದ ಕಾರು ವಾಪಸ್ ಪಡೆಯಲೂ ಒಪ್ಪಿಕೊಂಡರು.

ಅಷ್ಟೆಲ್ಲ ಅಳೆದರೂ ಅದು ಎಂಜಿನ್ನಿನ ಬಾಯಲ್ಲಿ ಸಿಗುವ ಶಕ್ತಿ. ಗೇರ್‌ಬಾಕ್ಸ್, ಆಕ್ಸಲ್, ಬೇರಿಂಗ್ ದಾಟಿ ಟೈರಿಗೆ ಬರುವಷ್ಟರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಸೋರಿರುತ್ತದೆ. ಬೆಂಗಳೂರು, ಪುಣೆಯಲ್ಲಿ ಕಾರನ್ನು ರೋಲರ್ ಮೇಲೆ ಹತ್ತಿಸಿ ಟೈರಿನ ಎಚ್‌ಪಿ ಅಳೆದುಕೊಡುವ ಅಂಗಡಿಗಳಿವೆ. ಅಲ್ಲಿ ಬಂದ ಸಂಖ್ಯೆ ಆರ್‌ಸಿಗಿಂತ ಕಡಿಮೆ ಇದ್ದರೆ ಗಾಬರಿ ಬೇಡ. ಜಾಸ್ತಿ ಬಂದರೆ ಮಾತ್ರ ಆ ರೋಲರ್ ಮೇಲೆ ಅನುಮಾನ ಪಡಿ.

ಇದರ ಮೇಲೆ ನಮ್ಮೂರಿನ ಎತ್ತರವೂ ತನ್ನ ಪಾಲು ಕೇಳುತ್ತದೆ. ಪರೀಕ್ಷೆಯ ಫಲಿತಾಂಶವನ್ನು ಸಮುದ್ರಮಟ್ಟಕ್ಕೆ ಹತ್ತಿರದ ಗಾಳಿಯೊತ್ತಡ, 25 ಡಿಗ್ರಿ ಬಿಸಿ ಇದ್ದಂತೆ ತಿದ್ದಿ ಬರೆಯುತ್ತಾರೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಗಾಳಿ ಅಷ್ಟರಮಟ್ಟಿಗೆ ತೆಳು. ಟರ್ಬೊ ಇಲ್ಲದ ಎಂಜಿನ್ ಸಿಕ್ಕಷ್ಟೇ ಗಾಳಿ ಎಳೆದುಕೊಳ್ಳುತ್ತದೆ, ಸಿಕ್ಕಷ್ಟಕ್ಕೇ ಪೆಟ್ರೋಲ್ ಉರಿಸುತ್ತದೆ. ನೂರಕ್ಕೆ ಏಳೆಂಟು ಇಲ್ಲಿ ಹಾಗೇ ಹೋಯಿತು. ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಸ್ವಲ್ಪ. ನನ್ನ ಎಂಬತ್ತೆಂಟೂವರೆ ಧಾರವಾಡದಲ್ಲಿ ಎಂಬತ್ತೆರಡರ ಹತ್ತಿರ ಅಂದಂಗಾಯ್ತು. ಅಂಕೋಲೆಗೆ ಇಳಿದರೆ ಪೂರ್ತಿ ಸಿಗುತ್ತದೆ. ಟರ್ಬೊ ಇರುವ ಗಾಡಿಗಳು ಗಾಳಿಯನ್ನು ಒತ್ತಿ ತುಂಬುವುದರಿಂದ ಇಷ್ಟು ಎತ್ತರವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ.

ಅಂಕೋಲೆ ಅಂದಾಗ ಅರಬೈಲು ಘಟ್ಟದ ಮಾತು ಬರಲೇಬೇಕು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಸಮುದ್ರಕ್ಕೆ ಇಳಿಯುವ ದಾರಿ. ಇಳಿಯುವಾಗ ಎಲ್ಲ ಕಾರೂ ಒಳ್ಳೆಯವೇ. ವಾಪಸ್ ಹತ್ತುವಾಗ ಸರಕು ಹೊತ್ತ ಲಾರಿಗಳು ಸಾಲಾಗಿ ತೆವಳುತ್ತಿರುತ್ತವೆ. ನಮ್ಮ ಭಾವನವರದು ಹಳೆಯ ಡೀಸೆಲ್ ಡಿಜೈರ್. ಅದರ 1.3 ಲೀಟರ್ ಎಂಜಿನ್ 75 ಎಚ್‌ಪಿ. ನನ್ನದಕ್ಕಿಂತ ಹದಿನೈದರ ಹತ್ತಿರ ಕಡಿಮೆ, ಗಾಡಿಯೂ ಭಾರ. ಆದರೂ ಘಟ್ಟದಲ್ಲಿ ಅವರು ಲಾರಿಯನ್ನು ಸಲೀಸಾಗಿ ದಾಟಿ ಮುಂದಿನ ತಿರುವಿನಲ್ಲಿ ಮರೆಯಾಗುತ್ತಿದ್ದರು. ನಾನು ಗೇರ್ ಇಳಿಸಿ, ಎಂಜಿನ್ ಕಿರುಚಿಸಿ, ಹಿಂದೆ ಬರುತ್ತಿದ್ದೆ. ಮೇಲೆ ಚಹಾದ ಅಂಗಡಿ ಎದುರು ಅವರು ಸುಮ್ನೆ ಮೀಸೆಯಲ್ಲಿ ನಗುವುದು ಬೇರೆ.

ಇದನ್ನು ಪೆನ್ನು ಕಾಗದ ಹಿಡಿದು ಕೂತು ಬಿಡಿಸಬಹುದು. ಎಂಜಿನ್ ತಿರುಚುವ ಬಲ, ಅಂದರೆ ಟಾರ್ಕ್. ಅದನ್ನು ನ್ಯೂಟನ್ ಮೀಟರ್ ಲೆಕ್ಕದಲ್ಲಿ ಹಿಡಿದು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. ಭಾವನವರ ಡೀಸೆಲ್ಲಿನದು 2000 ಆರ್‌ಪಿಎಂನಲ್ಲೇ 190 ನ್ಯೂಟನ್ ಮೀಟರ್. ಲೆಕ್ಕ ಹಾಕಿದರೆ ಸುಮಾರು 40 ಕಿಲೋವ್ಯಾಟ್, 54 ಎಚ್‌ಪಿ. ನನ್ನ ಪೆಟ್ರೋಲಿನದು ಅತಿ ಹೆಚ್ಚು ಅಂದರೆ 113, ಅದೂ 4400ರಲ್ಲಿ. 2000ದಲ್ಲೂ 113 ಇದೆ ಅಂತ ಧಾರಾಳವಾಗಿ ಹಿಡಿದರೂ ಸಿಗುವುದು 32 ಎಚ್‌ಪಿ. ಒಂದೇ ರಸ್ತೆ, ಎರಡೂ ಎಂಜಿನ್ ಎರಡು ಸಾವಿರದಲ್ಲಿ ತಿರುಗುತ್ತಿವೆ. ಎಪ್ಪತ್ತೈದರ ಗಾಡಿಯ ಕೈಯಲ್ಲಿ ಐವತ್ನಾಲ್ಕು, ತೊಂಬತ್ತರ ಗಾಡಿಯ ಕೈಯಲ್ಲಿ ಮೂವತ್ತೆರಡು. ನನಗೂ ಅಷ್ಟು ಬೇಕಾದರೆ ಮೂರೂವರೆ, ನಾಲ್ಕು ಸಾವಿರಕ್ಕೆ ಏರಿಸಲೇಬೇಕು. ಆ ಕಿರುಚಾಟ ಇಲ್ಲದೆ ನನ್ನ ಎಚ್‌ಪಿ ಹೊರಗೆ ಬರುವುದಿಲ್ಲ.

ಕಾಕಾನ ಟ್ರ್ಯಾಕ್ಟರಿಗೂ ಇದೇ ಲೆಕ್ಕ ಒಯ್ಯಿರಿ. ಅದರ ನಲವತ್ತೈದೂ ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲೇ ಸಿಗುತ್ತದೆ, ದಿನವಿಡೀ ಎಳೆದರೂ ರೇಡಿಯೇಟರ್ ತಡೆಯುತ್ತದೆ. ನೇಗಿಲು ಹೂಡಿದಾಗ ಓಡುವುದು ಮನುಷ್ಯ ನಡೆಯುವ ವೇಗದಲ್ಲಿ. ಶಕ್ತಿ ಅಂದರೆ ಎಳೆತ ಗುಣಿಸು ವೇಗ, ಹಾಗಾಗಿ ವೇಗ ಕಡಿಮೆ ಇದ್ದಷ್ಟೂ ಎಳೆತ ಸಿಗುತ್ತದೆ. ಅದನ್ನು ಮಣ್ಣಿಗೆ ಇಳಿಸಲು ಎರಡು ಟನ್ ಹತ್ತಿರದ ತೂಕ ಇದೆ, ಎದೆಯೆತ್ತರದ ಹಿಂದಿನ ಟೈರುಗಳಿವೆ. ನನ್ನ ಕಾರಿಗೆ ಮೊದಲ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿದರೆ ಎಂಜಿನ್ನೇ ನಿಂತುಹೋಗುತ್ತದೆ. ಕ್ಲಚ್ ಅರ್ಧ ಒತ್ತಿ ಎಳೆಸಲು ಹೋದರೆ ಹತ್ತು ಹೆಜ್ಜೆಯಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಅದಕ್ಕೂ ಮೊದಲು ಎರೆಮಣ್ಣಿನಲ್ಲಿ ಮುಂದಿನ ಟೈರು ಸುಮ್ನೆ ತಿರುಗಿ ಗುಂಡಿ ತೋಡಿಕೊಳ್ಳುತ್ತದೆ. ಎಂಬತ್ತೆಂಟೂವರೆ ಅಲ್ಲ, ಎಂಟುನೂರು ಇದ್ದರೂ ಅಷ್ಟೇ. ಟ್ರ್ಯಾಕ್ಟರ್ ಮಾರುವವರು ಎಂಜಿನ್ ಎಚ್‌ಪಿ ಬೇರೆ, ಪಿಟಿಒ (ಜೋಡಿಸಿದ ಯಂತ್ರ ತಿರುಗಿಸುವ ಹಿಂದಿನ ದಂಡ) ಎಚ್‌ಪಿ ಬೇರೆ ಅಂತ ಎರಡು ಸಂಖ್ಯೆ ಕೊಡುತ್ತಾರೆ. ಕೆಲಸಕ್ಕೆ ಸಿಗುವುದೆಷ್ಟು ಅಂತ ರೈತ ಕೇಳುತ್ತಾನೆ, ಅದಕ್ಕೆ. ಕಾರು ಕೊಳ್ಳುವವರು ಕೇಳುವುದಿಲ್ಲ, ಹಾಗಾಗಿ ನಮಗೆ ಒಂದೇ ಸಂಖ್ಯೆ.

ಟಾಟಾ ಏಸ್ ಇನ್ನೊಂದು ಪಾಠ. 2005ರಲ್ಲಿ ಬಂದಾಗ ಅದರ 702 ಸಿಸಿ ಡೀಸೆಲ್ ಎಂಜಿನ್ ಬರೀ 16 ಎಚ್‌ಪಿ. ಅಮರಗೋಳದ ಎಪಿಎಂಸಿಯಿಂದ ಮುಕ್ಕಾಲು ಟನ್ ಉಳ್ಳಾಗಡ್ಡಿ ಹೇರಿಕೊಂಡು ಊರೂರು ಸುತ್ತಿದ್ದು ಅದೇ ಹದಿನಾರರಲ್ಲಿ. ಗಡಿಬಿಡಿ ಮಾಡಲಿಲ್ಲ ಅಷ್ಟೇ.

ಹಾಗಾದರೆ ನನ್ನ ಕಾರು ನಿಜವಾಗಿ ಎಷ್ಟು ಎಚ್‌ಪಿ ಬಳಸುತ್ತದೆ? ಇದನ್ನು ಕಂಡುಹಿಡಿಯುವುದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ. ಮೊದಲು ಬೇಕಾದದ್ದು ಗಾಡಿಯ ತೂಕ. ಎಪಿಎಂಸಿ ಹತ್ತಿರದ ಕಾಟಾಕ್ಕೆ ಹೋಗಿ ಲಾರಿಗಳ ಸಾಲಿನಲ್ಲಿ ನಿಂತೆ. ಕಾಟಾದ ಹುಡುಗ ಕಾರು ನೋಡಿ, "ಡಿಕ್ಕಿಯೊಳಗ ಏನೈತ್ರಿ ಸರ?" ಅಂದ. "ಏನಿಲ್ಲಪಾ, ಕಾರಿನ ತೂಕ ಬೇಕು" ಅಂದೆ. ಪೊಲೀಸರೋ, ತಲೆ ಕೆಟ್ಟವರೋ ಅಂತ ಒಮ್ಮೆ ನೋಡಿ ಚೀಟಿ ಹರಿದು ಕೊಟ್ಟ. ಇಬ್ಬರು ಕೂತ ಕಾರು 1,040 ಕೆಜಿ.

ಆಮೇಲೆ ಒಂದು ಭಾನುವಾರ ಬೆಳಗ್ಗೆ ಗಬ್ಬೂರು ದಾಟಿ ಹಾವೇರಿ ಕಡೆಯ ಹೆದ್ದಾರಿಗೆ ಹೋದೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಇಂಥದ್ದೆಲ್ಲ ಮಾಡಲೇಬೇಡಿ, ಆ ರಸ್ತೆಗೆ ತನ್ನದೇ ಆದ ಅಪಘಾತಗಳು ಸಾಕಷ್ಟಿವೆ. ಹಿಂದೆ ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ 85ರ ಮೇಲೆ ಹೋಗಿ ನ್ಯೂಟ್ರಲ್ ಮಾಡಿ, 85ರಿಂದ 75ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ ನೋಡುವುದು. ಪಕ್ಕದಲ್ಲಿ ಮಗಳು ಫೋನಿನ ಸ್ಟಾಪ್‌ವಾಚ್ ಹಿಡಿದಿದ್ದಳು. ರಸ್ತೆಯ ಇಳಿಜಾರು ಮೋಸ ಮಾಡದಿರಲಿ ಅಂತ ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆದೆವು. ಒಂಬತ್ತು ಸೆಕೆಂಡಿನ ಹತ್ತಿರ ಬಂತು. 10 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 2.78 ಮೀಟರ್. ಅದನ್ನು ತೂಕದಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದರೆ ಗಾಳಿ ಮತ್ತು ಟೈರು ಸೇರಿ ಕಾರನ್ನು ಹಿಂದಕ್ಕೆ ತಳ್ಳುವ ಬಲ, ಸುಮಾರು 320 ನ್ಯೂಟನ್. 80ರ ವೇಗದಲ್ಲಿ ಆ ಬಲದ ಎದುರು ಓಡಲು ಬೇಕಾಗುವುದು ಏಳು ಕಿಲೋವ್ಯಾಟಿಗೆ ಚೂರು ಜಾಸ್ತಿ.

ಹತ್ತು ಎಚ್‌ಪಿ ಕೂಡ ಇಲ್ಲ!

ನಾನು ಲೆಕ್ಕ ಇನ್ನೊಮ್ಮೆ ಮಾಡಿದೆ. ಅದೇ ಬಂತು. ಹೆದ್ದಾರಿಯಲ್ಲಿ 80ರಲ್ಲಿ ನೆಮ್ಮದಿಯಾಗಿ ಹೋಗುತ್ತಿರುವ ನನ್ನ ಕಾರಿಗೆ ಬೇಕಾದ ಶಕ್ತಿ, ಸರ್ಕಾರ ಉಚಿತ ಕರೆಂಟ್ ಕೊಡುವ ಪಂಪ್‌ಸೆಟ್ಟಿನ ಮಿತಿಯೊಳಗೆ ಬರುತ್ತದೆ. ಉಳಿದ ಎಪ್ಪತ್ತೆಂಟು ಸುಮ್ನೆ ಕೂತು ಪ್ರಯಾಣ ಮಾಡುತ್ತಿರುತ್ತವೆ. ವೇಗ ಏರಿದಂತೆ ಮಾತ್ರ ಕಥೆ ಬದಲಾಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ 100ಕ್ಕೆ ಹದಿನಾರರ ಹತ್ತಿರ, 120ಕ್ಕೆ ಇಪ್ಪತ್ತೈದು ಬೇಕಾಗುತ್ತದೆ. ವೇಗ ಒಂದೂವರೆ ಪಟ್ಟು, ಶಕ್ತಿ ಎರಡೂವರೆ ಪಟ್ಟು. ಮೈಲೇಜ್ ಎಲ್ಲಿ ಹೋಗುತ್ತದೆ ಅಂತ ಕೇಳುವವರಿಗೆ ಉತ್ತರ ಇದು.

ಘಟ್ಟದ ಲೆಕ್ಕ ಇನ್ನೂ ಸುಲಭ. ತೂಕ ಮತ್ತು ಎತ್ತರ ಇದ್ದರೆ ಸಾಕು, ಎತ್ತರ ಫೋನ್ ತೋರಿಸುತ್ತದೆ. ನಾಲ್ಕು ಜನ, ಸಾಮಾನು ಸೇರಿ 1,200 ಕೆಜಿ ಹಿಡಿಯಿರಿ. ನಲವತ್ತರ ವೇಗದಲ್ಲಿ ನಿಮಿಷಕ್ಕೆ 50 ಮೀಟರ್ ಮೇಲೇರಿದರೆ ಅದಕ್ಕೆ 13 ಎಚ್‌ಪಿ. ಗಾಳಿ, ಟೈರು, ಗೇರ್‌ಬಾಕ್ಸಿನ ಸೋರಿಕೆ ಎಲ್ಲ ಸೇರಿಸಿದರೂ ಇಪ್ಪತ್ತು ದಾಟುವುದಿಲ್ಲ. ಬರೀ ಹತ್ತಲು ಅಷ್ಟು ಸಾಕು. ಲಾರಿ ದಾಟಲು ಮಾತ್ರ ಸಾಲದು. ಅದೇ ಏರಿನಲ್ಲಿ ಐದು ಸೆಕೆಂಡಿನೊಳಗೆ ನಲವತ್ತರಿಂದ ಅರವತ್ತಕ್ಕೆ ಹೋಗಬೇಕು ಅಂದರೆ ಎಂಜಿನ್ ಐವತ್ತರ ಆಸುಪಾಸು ಕೊಡಬೇಕು. ಎರಡು ಸಾವಿರ ಆರ್‌ಪಿಎಂನಲ್ಲಿ ಭಾವನವರ ಹತ್ತಿರ ಐವತ್ನಾಲ್ಕು, ನನ್ನ ಹತ್ತಿರ ಮೂವತ್ತೆರಡು ಅಂದೆನಲ್ಲ, ಮೀಸೆಯ ನಗುವಿನ ಗುಟ್ಟು ಅಲ್ಲಿತ್ತು. ನೀವು ದುಡ್ಡು ಕೊಡುವ ದೊಡ್ಡ ಸಂಖ್ಯೆ ಇಂಥ ಐದಾರು ಸೆಕೆಂಡುಗಳಿಗಾಗಿ. ಆ ಸೆಕೆಂಡುಗಳು ಎದುರಿನಿಂದ ಬಸ್ಸು ಬರುವ ಮೊದಲು ಮುಗಿಯಬೇಕಾದ್ದರಿಂದ ಅದು ದಂಡ ಅಂತ ನಾನು ಹೇಳಲಾರೆ.

ಸಿಎನ್‌ಜಿ ಕೊಳ್ಳುವವರು ಇದನ್ನು ಒಮ್ಮೆ ಯೋಚಿಸಬೇಕು. ನನ್ನದೇ ಎಂಜಿನ್ ಕಂಪನಿಯ ಸಿಎನ್‌ಜಿ ಕಿಟ್ಟಿನೊಂದಿಗೆ ಬಂದಾಗ 66 ಇದ್ದದ್ದು 57 ಕಿಲೋವ್ಯಾಟಿಗೆ ಇಳಿಯುತ್ತದೆ. ಊರೊಳಗೆ ಗೊತ್ತೂ ಆಗುವುದಿಲ್ಲ. ಘಟ್ಟದಲ್ಲಿ ಗೊತ್ತಾಗುತ್ತದೆ.

ಎಲೆಕ್ಟ್ರಿಕ್ ಕಾರುಗಳು ಬಂದ ಮೇಲೆ ಮಾತು ಮತ್ತೆ ಪಂಪಿನ ಮೋಟರಿನ ಹತ್ತಿರಕ್ಕೇ ಬಂದಿದೆ. ಇಲ್ಲಿ ಸಿಸಿ ಇಲ್ಲ, ಆದ್ದರಿಂದ ವಿಮೆಯವರೂ ಕಿಲೋವ್ಯಾಟ್ ಕೇಳುತ್ತಾರೆ: 30ರ ಒಳಗೆ, 65ರ ಒಳಗೆ, ಅದರ ಮೇಲೆ. ಟಿಯಾಗೊ ಇವಿ ದೊಡ್ಡ ಬ್ಯಾಟರಿಯದು 55 ಕಿಲೋವ್ಯಾಟ್, 75 ಎಚ್‌ಪಿ. ಭಾವನವರ ಡೀಸೆಲ್ಲಿನಷ್ಟೇ. ಮೋಟರಿಗೆ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಇರುವುದರಿಂದ ಸಿಗ್ನಲ್ ಬಿಟ್ಟ ಕೂಡಲೇ ಮುಂದೆ ಹೋಗಿರುತ್ತದೆ. ಆದರೆ ಮೋಟರ್ ಬಿಸಿಯಾಗುತ್ತದೆ, ಬಿಸಿಯಾದರೆ ಕಂಪ್ಯೂಟರ್ ಶಕ್ತಿ ಇಳಿಸುತ್ತದೆ. ಅದಕ್ಕೇ ಪರೀಕ್ಷೆಯ ನಿಯಮದಲ್ಲಿ ಎರಡು ಅಳತೆ ಇಟ್ಟಿದ್ದಾರೆ. ಒಂದು ಗರಿಷ್ಠ ಶಕ್ತಿ, ಇನ್ನೊಂದು ಅರ್ಧ ತಾಸು ಬಿಡದೆ ಕೊಡಬಲ್ಲ ಶಕ್ತಿ. ಜಾಹೀರಾತಿನಲ್ಲಿ ಕಾಣುವುದು ಯಾವುದು ಅಂತ ಹೇಳಬೇಕಿಲ್ಲ ಅಲ್ವಾ. ಪೆಟ್ರೋಲ್ ಕಾರಿಗೂ ಇಂಥ ಎರಡನೆಯ ಸಂಖ್ಯೆ ಇದ್ದಿದ್ದರೆ ಒಳ್ಳೆಯದಿತ್ತು. ಗರಿಷ್ಠ ಎಷ್ಟು ಅಂತ ಒಂದು, ಎರಡು ಸಾವಿರ ಆರ್‌ಪಿಎಂನಲ್ಲಿ ಎಷ್ಟು ಅಂತ ಇನ್ನೊಂದು. ನನ್ನನ್ನು ಕೇಳಿದರೆ ಷೋರೂಮಿನಲ್ಲಿ ದೊಡ್ಡಕ್ಷರದಲ್ಲಿ ಬರೆಯಬೇಕಾದ್ದು ಎರಡನೆಯದು.

ಹಳೆಯ ಕಾರು ಕೊಳ್ಳುವವರಿಗೆ ಇದ್ಯಾವುದೂ ಸಾಲದು. ಆರ್‌ಸಿಯಲ್ಲಿರುವುದು ಎಂಜಿನ್ ಹುಟ್ಟಿದ ದಿನದ ಎಚ್‌ಪಿ. ಹನ್ನೆರಡು ವರ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಆದ ಮೇಲೂ ಅದು ಬದಲಾಗುವುದಿಲ್ಲ. ಗೆಳೆಯನೊಬ್ಬ ಅಂಥ ಪೆಟ್ರೋಲ್ ಕಾರೊಂದನ್ನು ನೋಡಿಟ್ಟಿದ್ದ. ನಮಗೆ ಗುರುತಿನ ಮೇಸ್ತ್ರಿಯನ್ನು ಕರೆದೊಯ್ದೆವು. "ಎಚ್‌ಪಿ ಎಷ್ಟು ಉಳಿದಿರಬಹುದು?" ಅಂತ ನಾನು ಕೇಳಿದ್ದಕ್ಕೆ ಅವರು ನಕ್ಕು, "ಅದನ್ನ ಗುಡ್ಡಕ್ಕ ಕೇಳೂಣ್ರಿ ಸರ" ಅಂದರು. ನಾಲ್ಕು ಜನ ಕೂತು ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರಿಗೆ ಹೋದೆವು. ಮೂರನೇ ಗೇರಿನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದರು. ಗಾಡಿ ವೇಗ ಹೆಚ್ಚಿಸಿಕೊಳ್ಳದೆ ಗೊಣಗಿಕೊಂಡು ಏರಿತು. ಮೇಲೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. ಬಿಸಿ ಹೊಗೆ ಒತ್ತಿಕೊಂಡು ಬರುತ್ತಿತ್ತು. ಪಿಸ್ಟನ್ ರಿಂಗುಗಳು ಸವೆದು, ಕೆಳಗೆ ತಳ್ಳಬೇಕಾದ ಒತ್ತಡ ಪಕ್ಕದಿಂದ ಸೋರಿ ಹೋಗುತ್ತಿದೆ ಅಂತ ಅದರ ಅರ್ಥ. ಗ್ಯಾರೇಜಿಗೆ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ಮೂರು ಸಿಲಿಂಡರ್ ಪರವಾಗಿಲ್ಲ, ನಾಲ್ಕನೆಯದು ಬಹಳ ಕೆಳಗೆ.

"ನಾಲ್ಕಕ್ಕ ರೊಕ್ಕ ಕೇಳಾಕತ್ತಾರ, ಮೂರ ದುಡ್ಯಾಕತ್ತಾವ" ಅಂದರು ಮೇಸ್ತ್ರಿ. ಎಂಜಿನ್ ಕೆಲಸದ ಖರ್ಚು ಎಷ್ಟಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಗೆಳೆಯ ಅದನ್ನು ಮಾರುವವರ ಮುಂದಿಟ್ಟ. ಅವರು ಆರ್‌ಸಿ ತೋರಿಸಿ "ಕಂಪನಿ ಪವರ್ ನೋಡ್ರಿ, ಎಷ್ಟೈತಿ" ಅಂತ ಅರ್ಧ ತಾಸು ವಾದ ಮಾಡಿದರು. ಕೊನೆಗೆ ಚೀಟಿಯಲ್ಲಿದ್ದಷ್ಟು ಬೆಲೆ ಇಳಿಸಲು ಒಪ್ಪಲಿಲ್ಲ, ಇವನೂ ಕೊಳ್ಳಲಿಲ್ಲ.